ಹೆಬ್ಬೆಟ್ಟಿನ ಚರಿತ್ರೆ

"ನೀನು ನೀನೇ ಅನ್ನೋದಕ್ಕೆ ಏನಯ್ಯಾ ಪುರಾವೆ?"

ಲೈಸೆನ್ಸ್ ಕಳಕೊಂಡ ಲಾರಿ ಡ್ರೈವರನಿಗೆ ಕಚೇರಿಯ ಕಿಟಕಿ ಕೇಳುವ ಪ್ರಶ್ನೆ ಇದು. ನಕಲು ಲೈಸೆನ್ಸಿಗೆ ಠಾಣೆಯಲ್ಲಿ ದೂರು ಕೊಟ್ಟ ಚೀಟಿ ಬೇಕು, ಅರ್ಜಿ ಬೇಕು, ವಿಳಾಸದ ದಾಖಲೆ ಬೇಕು. ಕಳೆದದ್ದು ಒಂದು ಕಾಗದ, ಕೇಳುವುದು ಮೂರು. ಕಾಗದ ಇದ್ದವನಿಗೆ ಇದು ಅರ್ಧ ದಿನದ ಕೆಲಸ. ಮನೆಗೆ ಹಕ್ಕುಪತ್ರವೇ ಇಲ್ಲದ ಕೇರಿಯವನಿಗೆ? ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ. ಅದನ್ನು ನಾವು ನಮ್ಮ ಕಡೆಯಿಂದ ಓದಿಕೊಳ್ಳಬೇಕು.

1857ರ ದಂಗೆ ಕಳೆದ ಮಾರನೇ ವರ್ಷ, 1858. ಬಂಗಾಳದ ಜಂಗಿಪುರ. ರಸ್ತೆಗೆ ಹಾಕುವ ಜಲ್ಲಿ ಸರಬರಾಜಿಗೆ ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರ ಒಪ್ಪಂದ ಬರೆದುಕೊಟ್ಟ. ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಆತನ ಅಂಗೈಗೆ ಮಸಿ ಬಳಿದು ಪತ್ರದ ಬೆನ್ನಿಗೆ ಒತ್ತಿಸಿಕೊಂಡ. ಯಾಕೆ? ನಾಳೆ ಈತ "ಈ ಸಹಿ ನಂದಲ್ಲ" ಎನ್ನದಂತೆ ಹೆದರಿಸಲು. ಹರ್ಷೆಲನೇ ಮುಂದೆ 1916ರ ತನ್ನ ಪುಸ್ತಕದಲ್ಲಿ ಇದನ್ನು ಒಪ್ಪಿಕೊಂಡಿದ್ದಾನೆ. ಸರ್ಕಾರಕ್ಕೆ ಅಂಗೈ ಒತ್ತಿಕೊಟ್ಟ ಈ ಕಥೆ ನಂಬಿಕೆಯಿಂದ ಶುರುವಾಗಲಿಲ್ಲ, ಅನುಮಾನದಿಂದ ಶುರುವಾಯಿತು.

1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಸಾವಿರಾರು ಬೆರಳಚ್ಚುಗಳಲ್ಲಿ ಒಂದನ್ನು ಹುಡುಕಿ ತೆಗೆಯುವ ಲೆಕ್ಕಾಚಾರ ಕಟ್ಟಲು ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಲೋಕದಲ್ಲಿ ಆ ವಿಧಾನಕ್ಕೆ ನಿಂತ ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಬೆರಳು ನಮ್ಮದು, ಬುದ್ಧಿ ನಮ್ಮದು, ಹೆಸರು ಅವರದು! ಹಿಂದೆ ಏಕಲವ್ಯನ ಹೆಬ್ಬೆರಳನ್ನು ಒಬ್ಬ ಗುರು ಕೇಳಿದ್ದ. ಈಗ ಸರ್ಕಾರ ಕೇಳಿತು, ಕತ್ತರಿಸದೆ.

ಆ ಬೆರಳು ಮೊದಲು ಯಾರ ಕುತ್ತಿಗೆಗೆ ಉರುಳಾಯಿತು ನೋಡಿ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಹುಟ್ಟಿನಿಂದಲೇ ಜನರನ್ನು ಕಳ್ಳರೆಂದು ಬರೆಯಿತು. 1911ರ ಕಾಯ್ದೆ ಇದನ್ನು ಮದ್ರಾಸ್ ಪ್ರಾಂತ್ಯಕ್ಕೂ ಚಾಚಿತು, ನೋಂದಾಯಿತರ ಬೆರಳಚ್ಚು ತೆಗೆಯುವ ಅಧಿಕಾರವನ್ನೂ ಕೊಟ್ಟಿತು. ಕೊರಚ, ಕೊರವರಂಥವರು ಊರು ಬಿಡಲು ಚೀಟಿ ಪಡೆಯಬೇಕಾಯಿತು, ಠಾಣೆಗೆ ಹಾಜರಿ ಹಾಕಬೇಕಾಯಿತು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಇದರದೇ ಗುರುತು. 1952ರ ಆಗಸ್ಟ್ 31ರಂದು ಕಾಯ್ದೆ ಹೋಯಿತು. ಠಾಣೆಯ ಕಣ್ಣು ಹೋಯಿತೇ? ಅಂಥ ಠಾಣೆಗೇ ಹೋಗಿ, "ಸ್ವಾಮಿ, ಲೈಸೆನ್ಸ್ ಕಳೆದಿದೆ, ಚೀಟಿ ಕೊಡಿ" ಎನ್ನಬೇಕು.

ಇನ್ನು ಊರಿನ ಮಾತು. ಊರಲ್ಲಿ ನಮ್ಮವರ ಗುರುತು ಕೇಳುವ ಅಗತ್ಯವೇ ಇರಲಿಲ್ಲ. ನಿಂತ ಜಾಗ, ಉಟ್ಟ ಬಟ್ಟೆ, ಕರೆಯುವ ಹೆಸರು ಎಲ್ಲವೂ ಜಾತಿಯನ್ನೇ ಕೂಗುತ್ತಿದ್ದವು. ಲೆಕ್ಕದ ಪುಸ್ತಕ ಶಾನುಭೋಗರ ಕೈಲಿತ್ತು. ಬರೆಯುವವನು ಒಬ್ಬ, ಹೆಬ್ಬೆಟ್ಟು ಒತ್ತುವವನು ಇನ್ನೊಬ್ಬ. ಬರೆದವನು ಹೊಲದ ಒಡೆಯನಾದ, ಒತ್ತಿದವನು "ಹೆಬ್ಬೆಟ್ಟು" ಎಂಬ ಬೈಗುಳವಾದ.

ಅದಕ್ಕೇ ನಮಗೆ ಲೈಸೆನ್ಸ್ ಬರೀ ಕಾಗದವಲ್ಲ. ಜಾತಿಯ ಕಸುಬು ಬಿಟ್ಟು ಹೊರಟವನ ಅನ್ನ ಅದು. ಅದರಲ್ಲಿ ಜಾತಿಯ ಕಾಲಂ ಇಲ್ಲ. ಆದರೆ ಸಾರಿಗೆ ವಾಹನ ಓಡಿಸಲು ಎಂಟನೇ ಕ್ಲಾಸು ಪಾಸಾಗಿರಬೇಕೆಂಬ ನಿಯಮ 2019ರವರೆಗೂ ಇತ್ತು. ಶಾಲೆಯಿಂದ ದೂರ ಇಟ್ಟವರೇ ಶಾಲೆಯ ಸರ್ಟಿಫಿಕೇಟ್ ಕೇಳಿದರು.

2010ರ ಸೆಪ್ಟೆಂಬರ್ 29ರಂದು ಮೊದಲ ಆಧಾರ್ ಸಂಖ್ಯೆಗಳನ್ನು ಹಂಚಿದ್ದು ಮಹಾರಾಷ್ಟ್ರದ ತೆಂಭಲಿ ಎಂಬ ಆದಿವಾಸಿ ಹಳ್ಳಿಯಲ್ಲಿ. ಅದನ್ನು ಪ್ರಶ್ನಿಸಿದ ಮೊಕದ್ದಮೆಗೆ ಹೆಸರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬ್ಯಾಂಕ್ ಖಾತೆಗೆ, ಸಿಮ್‌ಗೆ ಆಧಾರ್ ಕಡ್ಡಾಯವಲ್ಲ ಎಂದಿತು 2018ರ ತೀರ್ಪು. ಸರ್ಕಾರದ ಸಬ್ಸಿಡಿಗೆ ಕೇಳಬಹುದು ಎಂದಿತು. ಸಿಮ್ ಕೊಳ್ಳುವವನಿಗೆ ವಿನಾಯಿತಿ, ಅಕ್ಕಿ ಕೇಳುವವಳಿಗೆ ಹೆಬ್ಬೆಟ್ಟು! 2021ರಲ್ಲಿ ನಕಲು ಲೈಸೆನ್ಸನ್ನೂ ಆಧಾರ್ ದೃಢೀಕರಣದ ಮೂಲಕ ಮನೆಯಿಂದಲೇ ಪಡೆಯಬಹುದೆಂದು ಕೇಂದ್ರ ಸರ್ಕಾರ ಆದೇಶ ಮಾಡಿತು. ಸೌಕರ್ಯವೇ, ಒಪ್ಪೋಣ. ಆದರೆ ಒಂದು ಕಾಗದದಲ್ಲಿ ಹೆಸರು ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದ್ದರೆ? ಕಲ್ಲು ಹೊತ್ತು, ಕಬ್ಬು ಕಡಿದು ಬೆರಳ ಗೆರೆಯೇ ಸವೆದಿದ್ದರೆ? ರಸ್ತೆಗೆ ಜಲ್ಲಿ ಕೊಟ್ಟವನ ಅಂಗೈಯಿಂದ ಶುರುವಾದ ವಿದ್ಯೆ ಇಂದು ಜಲ್ಲಿ ಹೊತ್ತವಳ ಅಂಗೈಯನ್ನೇ ಗುರುತಿಸುತ್ತಿಲ್ಲ. ಬೆರಳು ಹೊಂದಲಿಲ್ಲವೆಂದು ಸೌಲಭ್ಯ ನಿರಾಕರಿಸಬಾರದು ಎಂದು ಅದೇ ತೀರ್ಪಿನಲ್ಲಿದೆ. ಇದನ್ನು ರೇಷನ್ ಅಂಗಡಿಯ ಮುಂದೆ ಗಟ್ಟಿಯಾಗಿ ಹೇಳುವ ಗಂಟಲು ಬೇಕು.

ಕಾಗದ ಬೇಡ ಎನ್ನುವವರು ನಾವಲ್ಲ. ಕಾಗದವಿಲ್ಲದೆ ಹೊಲ ಕಳಕೊಂಡವರ ಮಕ್ಕಳು ನಾವು. ನಮ್ಮ ಜಗಳ ಇಷ್ಟೇ: ಪುರಾವೆಯ ಭಾರವೆಲ್ಲ ಬಡವನ ತಲೆಗೇ ಯಾಕೆ? ಸರ್ಕಾರ ತಾನೇ ಕೊಟ್ಟ ಲೈಸೆನ್ಸಿನ ಲೆಕ್ಕ ಅದರ ಪುಸ್ತಕದಲ್ಲೇ ಇದೆಯಲ್ಲ, ಹುಡುಕಲಿ.

ಹಳ್ಳಿಯ ಮೇಷ್ಟ್ರುಗಳೇ, ಜೂನ್ ತಿಂಗಳಲ್ಲಿ ದಾಖಲಾತಿ ಪುಸ್ತಕ ತೆರೆದಾಗ ನೆನಪಿಡಿ. ನೀವು ಅಂದಾಜಿನಲ್ಲಿ ಬರೆದ ಹುಟ್ಟಿದ ದಿನ, ಅರ್ಧಕ್ಕೆ ಕತ್ತರಿಸಿದ ಹೆಸರು ಆ ಮಗುವಿನ ಬೆನ್ನು ಬಿಡುವುದಿಲ್ಲ. ಅಪ್ಪ ಅವ್ವನನ್ನು ಎದುರಿಗೆ ಕೂರಿಸಿಕೊಂಡು, ಕೇಳಿ, ಪೂರ್ತಿ ಬರೆಯಿರಿ. ಓದಿದ ಹುಡುಗರೇ, ಕೇರಿಯ ಪ್ರತಿ ಮನೆಯ ಕಾಗದ ನೋಡಿ, ತಪ್ಪಿದ್ದನ್ನು ತಿದ್ದಿಸಿಕೊಡಿ. ಇಷ್ಟು ದಿನ ಯಾರೋ ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತಿದ್ದೇವೆ. ಇನ್ನು ನಮ್ಮ ಹೆಸರನ್ನು ನಾವೇ ಬರೆಯೋಣ.