ಕಲ್ಲು ಹೋದ ಹಾದಿಯಲ್ಲಿ ನಾಲ್ಕು ಸಾಲು

ಭಂಕೂರ, ಶಹಾಬಾದ್, ವಾಡಿ ಸುತ್ತಲಿನ ನೆಲದಡಿ ಪದರು ಪದರಾಗಿ ಸುಣ್ಣದಕಲ್ಲಿದೆ. ಹೊರಗಿನವರಿಗೆ ಅದು ‘ಶಹಾಬಾದಿ ಫರ್ಸಿ’. ಮುಂಬಯಿ ಕಡೆಯ ರೈಲುಹಾದಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಇನ್ನೊಂದು ಹಾದಿ ತೆರೆಯಿತು. ಕಲ್ಲು ಊರು ಬಿಟ್ಟಿತು. ಅದರ ಹಿಂದೆ ವ್ಯಾಪಾರಕ್ಕೆಂದು ಮನುಷ್ಯರೂ ಹೊರಟರು.

ಸೊಲ್ಲಾಪುರ ಬಹಳ ದೂರವಲ್ಲ. ಆದರೆ ಅದು ಮುಂಬಯಿ ಪ್ರಾಂತ, ನಮ್ಮದು ನಿಜಾಮರ ಸೀಮೆ. ಅಲ್ಲಿ ದುಡಿದದ್ದು ಕಲ್ದಾರ್ ರೂಪಾಯಿ, ಇಲ್ಲಿ ಮನೆಖರ್ಚಿಗೆ ಹಾಲಿ ಸಿಕ್ಕಾ. ನಿಜಾಮರ ಅಂಚೆಯೂ ಬೇರೆ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1950ರಲ್ಲಿ ಅಂಚೆ ಒಂದಾಯಿತು.

ಮನಿಯಾರ್ಡರ್ ಫಾರಮಿನ ತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು. ಹೊಸದಾಗಿ ಅಂಗಡಿಯಿಟ್ಟವನು ಕಳಿಸುವ ಹಣ ಕಡಿಮೆ. ಮನೆಯವರಿಗೆ ಆ ಸಾಲುಗಳೇ ದೊಡ್ಡವು. ತಾಯಿಯ ಕೆಮ್ಮು ಹೇಗಿದೆ, ತಂಗಿಯ ನಿಕಾಹ್ ಎಲ್ಲಿಗೆ ಬಂತು, ಮಳೆಯಾಯಿತೇ? ಓದು ಬಾರದ ಮನೆಗಳಲ್ಲಿ ಅಂಚೆಯವನೇ ಓದಿ ಹೇಳಬೇಕು. ಉಳಿದ ಮಾತಿಗೆ ಕಲಬುರಗಿಯ ಬಂದೇನವಾಜರ ಉರುಸೋ, ಶರಣಬಸವೇಶ್ವರ ಜಾತ್ರೆಯೋ ಬರುವವರೆಗೆ ಕಾಯಬೇಕು.

ಹೊಸ ವ್ಯಾಪಾರಕ್ಕೆ ಮೊದಲ ಬಂಡವಾಳ ಹಾಕುವವರು ಹೀಗೆ ಕಾಯುವ ಮನೆಯವರು. ಯಾವ ಲೆಕ್ಕದ ಪುಸ್ತಕದಲ್ಲೂ ಅದು ಜಮೆಯಾಗಿಲ್ಲ. ಅದಕ್ಕೆ ಸಂದ ಬಡ್ಡಿಯೆಂದರೆ ಆ ನಾಲ್ಕು ಸಾಲು.

ಹಳೆಯ ಮನಿಯಾರ್ಡರ್ 2015ರಲ್ಲಿ ನಿಂತಿತು. ಪುಣೆ, ಹೈದರಾಬಾದಿನಲ್ಲಿ ಅಂಗಡಿ ತೆರೆದ ನಮ್ಮ ಹುಡುಗರು ಇಂದು ಫೋನಿನಲ್ಲೇ ಹಣ ಹಾಕುತ್ತಾರೆ. ಕ್ಷಣದಲ್ಲಿ ಊರು ಸೇರುತ್ತದೆ. ಅದರ ಜೊತೆ ನಾಲ್ಕು ಮಾತೂ ಸೇರುತ್ತಿದೆಯೇ ಎಂದು ನಾವು ಕೇಳಿಕೊಳ್ಳಬೇಕು.