ದೇವರು ತಂದೆಯೋ, ತಾಯಿಯೋ?

ಸಂಸ್ಕೃತದಲ್ಲಿ ಹೆಂಡತಿಗೆ ದಾರ, ಭಾರ್ಯಾ, ಕಲತ್ರ ಎಂಬ ಶಬ್ದಗಳುಂಟು. ಕ್ರಮವಾಗಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ. ಶಬ್ದ ಬದಲಾದರೆ ಹೆಂಡತಿ ಬದಲಾಗುವಳೇ?

ಕ್ರೈಸ್ತರು ದೇವರನ್ನು ತಂದೆ, ಮಗ, ಪವಿತ್ರಾತ್ಮ ಎನ್ನುವರು. ಆ ಆತ್ಮಕ್ಕೆ ಹೀಬ್ರೂ ಶಬ್ದ ಸಾಮಾನ್ಯವಾಗಿ ಸ್ತ್ರೀಲಿಂಗ, ಗ್ರೀಕ್ ಶಬ್ದ ನಪುಂಸಕಲಿಂಗ, ಲ್ಯಾಟಿನ್ ಶಬ್ದ ಪುಲ್ಲಿಂಗ. ಸಿರಿಯಾಕ್ ಭಾಷೆಯ ಪ್ರಾಚೀನ ಕ್ರೈಸ್ತರಲ್ಲಿ ಕೆಲವರು ಪವಿತ್ರಾತ್ಮವನ್ನು ತಾಯಿಯೆಂದೇ ಭಾವಿಸಿದರು. 5ನೆಯ ಶತಮಾನದಿಂದೀಚೆಗೆ ಅಲ್ಲಿಯೂ ಪುಲ್ಲಿಂಗವೇ ರೂಢಿಗೆ ಬಂದಿತು. ತಾಯಿ ಮರೆಯಾದಳು. ಆದರೂ ಇಂಗ್ಲೆಂಡಿನಲ್ಲಿ, 1373ರಲ್ಲಿ ಸಾವಿನಂಚಿನಲ್ಲಿ ದರ್ಶನ ಪಡೆದ ನಾರ್ವಿಚ್ಚಿನ ಜೂಲಿಯನ್ ಎಂಬ ತಪಸ್ವಿನಿ ಕ್ರಿಸ್ತನನ್ನೇ ತಾಯಿಯೆಂದು ಬರೆದಳು. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥವೂ ದೇವರು ಗಂಡಲ್ಲ, ಹೆಣ್ಣಲ್ಲ ಎಂದು ಸಾರಿದೆ.

ಶಬ್ದದ ಲಿಂಗವನ್ನು ದೇವರಿಗೆ ಅಂಟಿಸಿ ಹೆಣ್ಣನ್ನು ಕೀಳೆಂದು ಬಗೆಯಬಾರದು. ಅದು ವ್ಯಾಕರಣವೂ ಅಲ್ಲ, ಧರ್ಮವೂ ಅಲ್ಲ.