ಆಹಾರ ಸುತ್ತಿ ಬೇಯಿಸಲು ಎಲೆಗಳ ಆಯ್ಕೆ: ತೋಟದ ಎಲೆ ಕೊಯ್ಯುವ ಮುನ್ನ ಗಮನಿಸಬೇಕಾದ ಅಂಶಗಳು

ಕರಾವಳಿ ಹಾಗೂ ಮಲೆನಾಡಿನಲ್ಲಿ ನಾಗರಪಂಚಮಿಯಿಂದ ಗಣೇಶ ಚತುರ್ಥಿಯವರೆಗಿನ ಅವಧಿಯು ಎಲೆಯಲ್ಲಿ ಬೇಯಿಸಿದ ಕಡುಬುಗಳ ಕಾಲ. ಅರಿಸಿನ ಎಲೆಯ ಕಡುಬು, ಹಲಸಿನ ಎಲೆಯ ಕೊಟ್ಟೆ ಕಡುಬು, ಮೂಡೆ, ಪತ್ರೊಡೆ ಇವೆಲ್ಲವೂ ಮಳೆಗಾಲದ ತಿನಿಸುಗಳು. ಅಡಿಕೆಯ ಕೊಳೆರೋಗ ನಿಯಂತ್ರಣಕ್ಕಾಗಿ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲವೂ ಇದೇ. ಬಾಳೆ ಮತ್ತು ಅರಿಸಿನ ಬಹುತೇಕ ಅಡಿಕೆ ಮರಗಳ ನಡುವೆಯೇ ಬೆಳೆಯುವುದರಿಂದ, ಯಾವ ಗಿಡದ ಎಲೆ ಎಂಬುದರ ಜೊತೆಗೆ ಆ ಎಲೆಯ ಮೇಲೆ ಏನು ಬಿದ್ದಿದೆ ಎಂಬುದನ್ನೂ ರೈತರು ಪರಿಶೀಲಿಸಬೇಕು.

ಬಳಕೆಗೆ ಯೋಗ್ಯವಾದ ಎಲೆಗಳು

ಬಾಳೆ ಎಲೆಯು ಎಲ್ಲ ಬಗೆಯ ಅಡುಗೆಗೂ ಹೊಂದುತ್ತದೆ. ಹಸಿ ಎಲೆಯನ್ನು ಹಾಗೆಯೇ ಮಡಚಿದರೆ ನರಗಳ ಉದ್ದಕ್ಕೂ ಸೀಳುತ್ತದೆ. ಸಣ್ಣ ಉರಿಯ ಮೇಲೆ ಬಾಡಿಸಿದಾಗ ಜೀವಕೋಶಗಳಲ್ಲಿನ ನೀರಿನ ಬಿಗುವು ಕಳೆದು ಎಲೆ ಮೆತ್ತಗಾಗುತ್ತದೆ. ಮೇಲ್ಮೈಯ ಮೇಣ ಕರಗಿ ಹೊಳಪು ಬರುತ್ತದೆ. ಈ ಹೊಳಪು ಎಲೆಯುದ್ದಕ್ಕೂ ಕಂಡರೆ ಸಾಕು, ಅದಕ್ಕಿಂತ ಹೆಚ್ಚು ಕಾಯಿಸಿದರೆ ಎಲೆ ಗರಿಗರಿಯಾಗಿ ಒಡೆಯುತ್ತದೆ. ಸುತ್ತುವುದಕ್ಕೆ ನಡುದಂಟನ್ನು ತೆಗೆದುಹಾಕಬೇಕು.

ಅರಿಸಿನ ಎಲೆಯನ್ನು ಅದರ ಪರಿಮಳಕ್ಕಾಗಿ ಬಳಸಲಾಗುತ್ತದೆ. ಪೂರ್ಣ ಬಿಚ್ಚಿದ, ಇನ್ನೂ ಗಡುಸಾಗದ ಎಲೆ ಉತ್ತಮ. ಕಾಬಾಳೆಯಂತಹ ಅಲಂಕಾರಿಕ ಗಿಡಗಳ ಎಲೆ ನೋಟಕ್ಕೆ ಇದನ್ನು ಹೋಲಬಹುದಾದ್ದರಿಂದ ಒಂದು ಚೂರನ್ನು ಹಿಸುಕಿ ವಾಸನೆ ನೋಡುವುದು ಒಳ್ಳೆಯದು.

ಕೊಟ್ಟೆಗೆ ಹಲಸಿನ ಎಲೆ ಆರಿಸುವಾಗ ತೀರ ಎಳೆಯ ಮತ್ತು ತೀರ ಬಲಿತ ಎಲೆಗಳೆರಡನ್ನೂ ಬಿಡಬೇಕು. ಎಳೆಯದು ಹಿಟ್ಟಿನ ಭಾರ ತಡೆಯುವುದಿಲ್ಲ, ಬಲಿತದ್ದು ಮಡಚುವಾಗ ಮುರಿಯುತ್ತದೆ. ತೊಟ್ಟಿನಿಂದ ಒಸರುವ ಹಾಲು ನಿಂತ ಮೇಲೆ ಎಲೆಯನ್ನು ತೊಳೆದು, ನಾಲ್ಕು ಎಲೆಗಳನ್ನು ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಜೋಡಿಸಬೇಕು. ಮಾರಾಟಕ್ಕಾಗಿ ಕೊಟ್ಟೆ ಕಟ್ಟುವ ಕೆಲವರು ಕೆಲಸ ಬೇಗ ಮುಗಿಯಲೆಂದು ಸ್ಟೇಪ್ಲರ್ ಪಿನ್ ಹಾಕುವುದುಂಟು. ಇದನ್ನು ಖಂಡಿತ ಮಾಡಬಾರದು. ಪಿನ್ನು ಕಡುಬಿನೊಳಗೆ ಉಳಿದು ಗಂಟಲಿಗೆ ಹೋಗುವ ಅಪಾಯವಿದೆ.

ಮೂಡೆಗೆ ಬಳಸುವುದು ಕೇದಗೆ ಜಾತಿಯ, ಕರಾವಳಿಯಲ್ಲಿ ಮುಂಡೇವು ಎನ್ನುವ ಗಿಡದ ಎಲೆ. ಅಂಚಿನ ಮತ್ತು ನಡುನರದ ಮುಳ್ಳುಗಳನ್ನು ಸವರಿ, ಬೆಂಕಿಯಲ್ಲಿ ಬಾಡಿಸಿ ಸುರುಳಿ ಸುತ್ತಲಾಗುತ್ತದೆ. ತೇಗದ ಎಲೆ, ಉಪ್ಪಳಿಗೆ ಎಲೆಗಳೂ ಹಲಸಿನ ಹಣ್ಣಿನ ಗಟ್ಟಿಯಂತಹ ತಿನಿಸುಗಳಿಗೆ ಬಳಕೆಯಲ್ಲಿವೆ. ತೇಗದ ಎಳೆ ಎಲೆಯಿಂದ ಹಿಟ್ಟಿಗೆ ಕೆಂಪು ಛಾಯೆ ಬಂದರೆ ಗಾಬರಿಪಡಬೇಕಾಗಿಲ್ಲ, ಅದು ಎಲೆಯ ಸಹಜ ಬಣ್ಣ.

ಪತ್ರೊಡೆಯ ಕೆಸುವಿನ ಎಲೆಯದು ಬೇರೆಯೇ ಲೆಕ್ಕ, ಏಕೆಂದರೆ ಇಲ್ಲಿ ಎಲೆಯನ್ನೇ ತಿನ್ನುತ್ತೇವೆ. ಇದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಾಕಾರದ ಹರಳುಗಳು ನಾಲಿಗೆ ಮತ್ತು ಗಂಟಲಿನಲ್ಲಿ ತುರಿಕೆ ಉಂಟುಮಾಡುತ್ತವೆ. ಹುಣಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸುವ ರೂಢಿ ಬಂದಿರುವುದು ಇದಕ್ಕಾಗಿಯೇ. ಬಣ್ಣಬಣ್ಣದ ಕೆಲೇಡಿಯಂ ಮುಂತಾದ ಕುಂಡದ ಗಿಡಗಳು ಕೆಸುವಿನ ಬಳಗದವೇ ಆದರೂ ತಿನ್ನಲು ಯೋಗ್ಯವಲ್ಲ. ಕಣಗಿಲೆ, ಎಕ್ಕ, ಹರಳು, ಉಮ್ಮತ್ತಿ ಇವುಗಳ ಎಲೆಯನ್ನು ಆಹಾರದ ಹತ್ತಿರವೂ ತರಬಾರದು. ಕಾಡಿನಿಂದ ಎಲೆ ತರುವವರು ಮೈಮೇಲೆ ಬೊಬ್ಬೆ ಏಳಿಸುವ ಚೇರಿನ ಮರವನ್ನು ಗುರುತಿಸಲು ಕಲಿತಿರಬೇಕು. ಗುರುತು ಸಿಗದ ಎಲೆಯನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು.

ಸಿಂಪಡಣೆಗೆ ಒಳಗಾದ ಎಲೆಗಳು

ಅಡಿಕೆಗೆ ಶೇ. 1ರ ಬೋರ್ಡೋ ದ್ರಾವಣದ (100 ಲೀಟರ್ ನೀರಿಗೆ ಮೈಲುತುತ್ತು 1 ಕಿ.ಗ್ರಾಂ, ಸುಣ್ಣ 1 ಕಿ.ಗ್ರಾಂ) ಮೊದಲ ಸಿಂಪಡಣೆಯನ್ನು ಮುಂಗಾರಿನ ಆರಂಭದಲ್ಲಿಯೂ ಎರಡನೆಯದನ್ನು 40-45 ದಿನಗಳ ನಂತರವೂ ಕೈಗೊಳ್ಳಲಾಗುತ್ತದೆ. ಎರಡನೆಯ ಸಿಂಪಡಣೆಯು ಹೆಚ್ಚುಕಡಿಮೆ ಪಂಚಮಿಯ ಆಸುಪಾಸಿಗೆ ಬರುತ್ತದೆ. ಮರದ ಮೇಲಿನಿಂದ ತೊಟ್ಟಿಕ್ಕುವ ದ್ರಾವಣವು ಕೆಳಗಿನ ಬಾಳೆ ಮತ್ತು ಅರಿಸಿನದ ಎಲೆಗಳ ಮೇಲೆ ತಿಳಿನೀಲಿ ಕಲೆಯಾಗಿ ಒಣಗುತ್ತದೆ. ಈ ದ್ರಾವಣವನ್ನು ಮಳೆಗೆ ತೊಳೆದುಹೋಗದಂತೆ ಎಲೆಗೆ ಅಂಟಿಕೊಳ್ಳಲೆಂದೇ ತಯಾರಿಸುವುದರಿಂದ, ಒಂದೆರಡು ಮಳೆಗೆ ಎಲೆ ಶುದ್ಧವಾಯಿತೆಂದು ಭಾವಿಸುವಂತಿಲ್ಲ. ಹಬೆಯಲ್ಲಿ ಬೇಯಿಸುವುದರಿಂದಲೂ ತಾಮ್ರ ನಾಶವಾಗುವುದಿಲ್ಲ.

ಕೇವಲ ಬೋರ್ಡೋ ಸಿಂಪಡಿಸಿದ ತೋಟದಲ್ಲಿ ಪರಿಹಾರ ಸರಳ. ಹಬ್ಬಕ್ಕೆ ಬೇಕಾದ ಎಲೆಯನ್ನು ಸಿಂಪಡಣೆಗೆ ಮುನ್ನವೇ ಕೊಯ್ದುಕೊಳ್ಳಬಹುದು, ಇಲ್ಲವೇ ಸಿಂಪಡಣೆಯ ನಂತರ ಸುಳಿಯಿಂದ ಹೊಸದಾಗಿ ಬಿಚ್ಚಿದ ಎಲೆಯನ್ನು ಮಾತ್ರ ಬಳಸಬಹುದು. ಮಳೆಗಾಲದಲ್ಲಿ ಬಾಳೆಗೆ ಸುಮಾರು 7-10 ದಿನಗಳಿಗೊಂದು ಹೊಸ ಎಲೆ ಬರುತ್ತದೆ.

ಸಿಗಾಟೋಕಾ ಎಲೆಚುಕ್ಕೆ ರೋಗಕ್ಕೆ ಪ್ರೊಪಿಕೊನಜೋಲ್‌ನಂತಹ ಅಂತರ್ವ್ಯಾಪಿ ಶಿಲೀಂಧ್ರನಾಶಕ ಸಿಂಪಡಿಸಿದ್ದಲ್ಲಿ ಈ ಉಪಾಯ ಸಾಲದು. ಅದು ಎಲೆಯೊಳಗೆ ಇಳಿದು ರಸದೊಂದಿಗೆ ಚಲಿಸುವುದರಿಂದ ತೊಳೆದರೂ ಹೋಗುವುದಿಲ್ಲ. ಡಬ್ಬಿಯ ಮೇಲೆ ನಮೂದಿಸಿರುವ ಕಾಯುವ ಅವಧಿಯನ್ನು ಹಣ್ಣನ್ನು ಗಮನದಲ್ಲಿಟ್ಟು ನಿಗದಿಪಡಿಸಲಾಗಿರುತ್ತದೆ. ಅದನ್ನು ಎಲೆಗೂ ಅನ್ವಯಿಸುವುದು ತಪ್ಪು. ಇಂತಹ ತೋಟದ ಎಲೆಯನ್ನು ಅಡುಗೆಗೆ ಕೊಯ್ಯದಿರುವುದೇ ಸೂಕ್ತ. ಚಾಮರಾಜನಗರದಂತಹ ಜಿಲ್ಲೆಗಳಲ್ಲಿ ಗೆಡ್ಡೆಗಾಗಿ ಬೆಳೆಯುವ ಅರಿಸಿನಕ್ಕೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಎಲೆಚುಕ್ಕೆ ರೋಗಕ್ಕೆ ಔಷಧಿ ಹೊಡೆದಿದ್ದರೆ ಎಲೆಯನ್ನು ಮಾರುಕಟ್ಟೆಗೆ ಕಳುಹಿಸಬಾರದು.

ಶಾಶ್ವತ ವ್ಯವಸ್ಥೆಯಾಗಿ, ಅಡುಗೆಮನೆಯ ಹಿತ್ತಿಲಿನಲ್ಲಿ ಅಡಿಕೆ ಮರಗಳಿಂದ ದೂರವಾಗಿ ನಾಲ್ಕೈದು ಬಾಳೆ ಬುಡ ಮತ್ತು ಒಂದು ಮಡಿ ಅರಿಸಿನವನ್ನು ಎಲೆಗೆಂದೇ ಇಟ್ಟುಕೊಳ್ಳುವಂತೆ ವಿಸ್ತರಣಾ ಕಾರ್ಯಕರ್ತರು ಸಲಹೆ ನೀಡಬಹುದು. ಎಲೆ ಮಾರುವ ಸ್ವಸಹಾಯ ಗುಂಪುಗಳು ಸಿಂಪಡಣೆಯ ದಿನಾಂಕ ಮತ್ತು ಔಷಧಿಯ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

ಕೊಯ್ಲು ಮತ್ತು ಸಂಗ್ರಹ

ಎಲೆಯ ಆಸೆಗೆ ಗೊನೆಯನ್ನು ಕಳೆದುಕೊಳ್ಳಬಾರದು. ಗೊನೆ ಹೊರಬರುವ ಹೊತ್ತಿಗೆ ಗಿಡದಲ್ಲಿ ಕನಿಷ್ಠ 8 ಆರೋಗ್ಯವಂತ ಎಲೆಗಳಿರಬೇಕು. ಎಲೆಯೇ ಮುಖ್ಯ ಉದ್ದೇಶವಾಗಿದ್ದರೆ ಪ್ರತ್ಯೇಕ ತಾಕು ಬೇಕು. ತಮಿಳುನಾಡಿನಲ್ಲಿ ಪೂವನ್ ತಳಿಯನ್ನು ಎಲೆಗಾಗಿಯೇ ವಾಣಿಜ್ಯ ಪ್ರಮಾಣದಲ್ಲಿ ಬೆಳೆಯುತ್ತಾರೆ. ಗಾಳಿಗೆ ಹರಿದ ಎಲೆಗೆ ಬೆಲೆಯಿಲ್ಲದ ಕಾರಣ ತಾಕಿನ ಸುತ್ತ ಗಾಳಿತಡೆ ಅಗತ್ಯ. ಅರಿಸಿನದಲ್ಲಿ ಶ್ರಾವಣದ ವೇಳೆಗೆ ಗೆಡ್ಡೆ ಇನ್ನೂ ತುಂಬಬೇಕಾಗಿರುವುದರಿಂದ ಒಂದು ಬುಡದಿಂದ ಒಂದೆರಡು ಹೊರ ಎಲೆಗಳಿಗಿಂತ ಹೆಚ್ಚು ತೆಗೆಯಬಾರದು.

ಬೆಳಗಿನ ತಂಪಿನಲ್ಲಿ ಕೊಯ್ದ ಎಲೆಗಳನ್ನು ಶುದ್ಧ ನೀರಿನಲ್ಲಿ ಎರಡೂ ಬದಿ ಒರೆಸಿ, ಸುರುಳಿ ಸುತ್ತಿ ಒದ್ದೆ ಗೋಣಿತಟ್ಟಿನಲ್ಲಿ ನೆರಳಿನಲ್ಲಿಡಬೇಕು. ಗೊಬ್ಬರ ಅಥವಾ ಕೀಟನಾಶಕ ತುಂಬಿದ್ದ ಚೀಲಗಳನ್ನು ಇದಕ್ಕೆ ಎಂದಿಗೂ ಬಳಸಕೂಡದು. ಮುತ್ತುಗದ ಒಣ ಎಲೆಗಳನ್ನು ಪೂರ್ಣ ಒಣಗಿಸಿ, ಗಾಳಿಯಾಡುವ ಕಡೆ ನೆಲದಿಂದ ಮೇಲೆ ಜೋಡಿಸಬೇಕು. ಬೂಷ್ಟು ಹಿಡಿದ ಎಲೆಯನ್ನು ಒರೆಸಿ ಬಳಸದೆ ಗೊಬ್ಬರದ ಗುಂಡಿಗೆ ಹಾಕಬೇಕು.